ಅವಘಡ ಕಲಿಸಿದ ಹೃದಯ ಚಿಕಿತ್ಸೆ

ನಿಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿಮಿಡಿತ ಎಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 60ರಿಂದ 100ರ ನಡುವೆ ಇರುತ್ತದೆ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಪುಟ್ಟ ಗಂಟೊಂದರಲ್ಲಿ ಹುಟ್ಟುವ ವಿದ್ಯುತ್ ಸ್ಪಂದವೇ ಈ ಲಯಕ್ಕೆ ಕಾರಣ. ಅದು ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು, 'ಹಿಸ್ ಕಂತೆ' ಎಂಬ ತಂತುಗಳ ಮೂಲಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಸಹಜ ಹೃದಯದಲ್ಲಿ ಮೇಲಿನಿಂದ ಕೆಳಕ್ಕೆ ಇದೊಂದೇ ದಾರಿ.

ಕೆಲವರಲ್ಲಿ ಹುಟ್ಟಿನಿಂದಲೇ ಇನ್ನೊಂದು ದಾರಿ ಇರುತ್ತದೆ. ಆಗ ಸ್ಪಂದವು ಒಂದರಲ್ಲಿ ಇಳಿದು ಮತ್ತೊಂದರಲ್ಲಿ ಏರಿ, ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಮಿಡಿತ ನಿಮಿಷಕ್ಕೆ 200 ದಾಟಬಹುದು. ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ 1930ರಲ್ಲಿ ಇಂಥ 11 ರೋಗಿಗಳನ್ನು ವರ್ಣಿಸಿದರು. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಿಲ್ ಸೀಲಿ, ಮೀನುಗಾರನೊಬ್ಬನ ಎದೆ ತೆರೆದು ಆ ಹೆಚ್ಚುವರಿ ದಾರಿಯನ್ನು ಕತ್ತರಿಸಿದರು. ಚಿಕಿತ್ಸೆ ಫಲಿಸಿತು. ಆದರೆ ಎಲ್ಲರ ಎದೆಯನ್ನೂ ತೆರೆಯಲಾದೀತೆ?

ಎದೆ ತೆರೆಯದೆ ಹೃದಯ ತಲುಪುವ ಮಾರ್ಗ ಅದಕ್ಕೂ ಮೊದಲೇ ತಿಳಿದಿತ್ತು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ಅಭಿಧಮನಿಯ ಮೂಲಕ ಹೃದಯದವರೆಗೆ ಕ್ಯಾಥಿಟರ್ ತೂರಿಸಿ, ಎಕ್ಸ್-ಕಿರಣ ಚಿತ್ರ ತೆಗೆಸಿಕೊಂಡಿದ್ದರು. 1960ರ ದಶಕದ ಕೊನೆಗೆ ಕ್ಯಾಥಿಟರಿನ ತುದಿಯ ವಿದ್ಯುದಗ್ರಗಳಿಂದ ಹಿಸ್ ಕಂತೆಯ ಸಂಕೇತವನ್ನೂ ದಾಖಲಿಸಲಾಯಿತು. ಆಗ ಕ್ಯಾಥಿಟರ್ ಹೃದಯದ ಸಂಕೇತಗಳನ್ನು ಕೇಳುತ್ತಿತ್ತು, ಅಷ್ಟೆ, ಚಿಕಿತ್ಸೆ ನೀಡುತ್ತಿರಲಿಲ್ಲ.

ಆಗ ನಡೆದದ್ದು ಒಂದು ಅವಘಡ. ಪ್ಯಾರಿಸ್‌ನಲ್ಲಿ ಗೈ ಫೋಂಟೇನ್ ಅವರಿದ್ದ ತಂಡವು ಇಂಥ ಪರೀಕ್ಷೆ ನಡೆಸುವಾಗ, ರೋಗಿಯ ಲಯ ಸರಿಪಡಿಸಲು ಎದೆಯ ಮೇಲೆ ವಿದ್ಯುದಾಘಾತ ನೀಡಬೇಕಾಯಿತು. ಒಳಗಿದ್ದ ಕ್ಯಾಥಿಟರಿನ ಮೂಲಕವೂ ವಿದ್ಯುತ್ ಹರಿದು, ಹಿಸ್ ಕಂತೆಯ ಸಂಪರ್ಕ ಶಾಶ್ವತವಾಗಿ ಕಡಿದುಹೋಯಿತು. ತಂಡ ಇದನ್ನು ಮುಚ್ಚಿಡಲಿಲ್ಲ. 1979ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು.

ಆಕಸ್ಮಿಕವಾಗಿ ಆದದ್ದನ್ನು ಉದ್ದೇಶಪೂರ್ವಕವಾಗಿ ಮಾಡಿದರೆ? ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್ ನಾಯಿಗಳ ಮೇಲೆ ಪ್ರಯೋಗಿಸಿ, 1981ರಲ್ಲಿ ಔಷಧಿಗೆ ಬಗ್ಗದ ರೋಗಿಯೊಬ್ಬರಲ್ಲಿ ಈ ಕ್ರಮ ಅನುಸರಿಸಿದರು. ಇದ್ದೊಂದು ದಾರಿಯನ್ನೇ ಮುಚ್ಚಿದರೆ ಅದೆಂಥ ಚಿಕಿತ್ಸೆ ಎಂದು ನೀವು ಕೇಳಬಹುದು. ಹೃತ್ಕರ್ಣಗಳ ಅಂಕೆಯಿಲ್ಲದ ವೇಗ ಹೃತ್ಕುಕ್ಷಿಗಳನ್ನು ತಲುಪದಂತೆ ಅದು ತಡೆಯುತ್ತಿತ್ತು. ಮುಂದೆ ಪೇಸ್‌ಮೇಕರ್ ಹೃದಯವನ್ನು ನಡೆಸಬೇಕಿತ್ತು. ನೂರಾರು ಜೂಲ್ ಶಕ್ತಿಯ ಆಘಾತ ಹೃದಯದೊಳಗೆ ಪುಟ್ಟ ಸ್ಫೋಟದಂತಿದ್ದುದು ಇನ್ನೊಂದು ತೊಂದರೆ.

ಪರಿಹಾರ ದೊರೆತದ್ದು ರೇಡಿಯೋ ಆವೃತ್ತಿಯ ವಿದ್ಯುತ್ತಿನಿಂದ. ಮನೆಯ ವಿದ್ಯುತ್ ಸೆಕೆಂಡಿಗೆ 50 ಆವರ್ತಗಳದ್ದು. ಇದು ಸುಮಾರು 5 ಲಕ್ಷ ಆವರ್ತಗಳದ್ದು. ಇಷ್ಟು ವೇಗದ ಬದಲಾವಣೆಗೆ ಹೃದಯದ ಸ್ನಾಯು ಪ್ರತಿಕ್ರಿಯಿಸದು, ಕೇವಲ ಬಿಸಿಯಾಗುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲವೇ ಮಿಲಿಮೀಟರ್ ಅಗಲದ ಅಂಗಾಂಶ ಸಾಯುತ್ತದೆ. ಹೀಗಾಗಿ ಸಹಜ ದಾರಿ ಉಳಿಸಿ ಹೆಚ್ಚುವರಿ ದಾರಿಯನ್ನಷ್ಟೇ ಮುಚ್ಚುವುದು ಸಾಧ್ಯವಾಯಿತು. 1991ರಲ್ಲಿ ಒಕ್ಲಹೋಮಾದ ವಾರೆನ್ ಜ್ಯಾಕ್‌ಮನ್ ತಂಡ 166 ರೋಗಿಗಳಲ್ಲಿ 164 ಮಂದಿಗೆ ಇದು ಫಲಿಸಿತೆಂದು ವರದಿ ಮಾಡಿತು.

ಹೃತ್ಕರ್ಣಗಳು ಅಂಕೆತಪ್ಪಿ ಕಂಪಿಸುವ ಕಾಯಿಲೆಯ ಗುಟ್ಟು ಬಯಲಾದದ್ದು 1998ರಲ್ಲಿ. ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ತಂಡ 45 ರೋಗಿಗಳಲ್ಲಿ ಗುರುತಿಸಿದ 69 ಕಿಡಿಬಿಂದುಗಳ ಪೈಕಿ 65, ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಗಳಲ್ಲಿದ್ದವು. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹೊಸ ವಿಧಾನವು ಮತ್ತೆ ಅಧಿಕ ವೋಲ್ಟೇಜಿಗೇ ಮರಳಿದೆ. ಆದರೆ ಈಗ ಅದು ಅಳೆದು ನೀಡುವ ಅತ್ಯಲ್ಪಾವಧಿಯ ಸ್ಪಂದ. ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆದು ಕೋಶವನ್ನು ಕೊಲ್ಲುತ್ತದೆ. ಅಪಾಯ ಪೂರ್ತಿ ಇಲ್ಲವಾಗಿಲ್ಲ. ಹೃದಯದ ಗೋಡೆ ತೂತಾಗುವುದು ಅಪರೂಪವಾದರೂ ಉಂಟು.

ಪ್ಯಾರಿಸ್‌ನ ವೈದ್ಯರು ಅಂದಿನ ಅವಘಡವನ್ನು ಬರೆದಿಡದಿದ್ದರೆ? ಶಾಲೆಯ ಪ್ರಯೋಗಶಾಲೆಯಲ್ಲಿ ಫಲಿತಾಂಶ ನಿರೀಕ್ಷೆಯಂತೆ ಬರದಿದ್ದಾಗ ಅದನ್ನು ಒರೆಸಿ 'ಸರಿಯಾದ' ಅಂಕಿ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಮುಂದಿನ ಸಲ ಒರೆಸುವ ಮುನ್ನ, ಏಕೆ ಹೀಗಾಯಿತು ಎಂದು ಒಮ್ಮೆ ಕೇಳಿನೋಡಿ.