ಕೊರಿಯಾದಿಂದ ಕೊಂಡುತಂದ ವಸ್ತುಗಳು

ಪರದೇಶಕ್ಕೆ ಹೋದವನು ಬರಿಗೈಯಲ್ಲಿ ಹಿಂದಿರುಗುವುದು ಯಾವ ಕಾಲದಲ್ಲಿಯೂ ಅಪೂರ್ವವೇ ಸರಿ. ಮನೆಯವರಿಗೆಂದು ಒಂದು ಬಟ್ಟೆ, ಮಿತ್ರರಿಗೆಂದು ಒಂದು ಬೀಸಣಿಗೆ, ತನ್ನ ನೆನಪಿಗೆಂದು ಒಂದು ಬಟ್ಟಲು—ಇಂತು ಏನನ್ನಾದರೂ ಗಂಟಿನಲ್ಲಿ ಕಟ್ಟಿಕೊಂಡೇ ಅವನು ಊರು ಸೇರುವನು. ಕೊಂಡ ವಸ್ತುವಿನ ಅಂದವನ್ನೂ ಕೊಟ್ಟ ಬೆಲೆಯನ್ನೂ ಕುರಿತು ಮಾತನಾಡುವವರು ಅನೇಕರು. ಆ ಕೊಳ್ಳುವಿಕೆಯಿಂದ ಮಾರಿದ ದೇಶಕ್ಕೆ ಏನಾಯಿತೆಂದು ವಿಚಾರಿಸುವವರು ವಿರಳ. ಕೊರಿಯಾ ದೇಶದ ಚರಿತ್ರೆಯಲ್ಲಿ ಈ ವಿಚಾರವು ಬಹು ಸ್ಪಷ್ಟವಾಗಿ ಕಂಡುಬರುವುದು. ಅಲ್ಲಿಯ ಕುಶಲವಸ್ತುಗಳನ್ನು ಕೆಡಿಸಿದ್ದೂ ಕೊಳ್ಳುವವರ ಹಣವೇ. ಉಳಿಸಿದ್ದೂ ಕೊಳ್ಳುವವರ ಹಣವೇ.

ಆ ದೇಶದ ಸರಕನ್ನು ಮೆಚ್ಚಿ ಬರೆದ ಹಳೆಯ ಪ್ರವಾಸಿಗಳಲ್ಲಿ ಷು ಜಿಂಗ್ ಎಂಬ ಚೀನೀಯನು ಪ್ರಮುಖನು. ಸುಂಗ್ ಚಕ್ರವರ್ತಿಯ ದೂತಮಂಡಲದೊಡನೆ ಇವನು ಕ್ರಿ.ಶ. ೧೧೨೩ರಲ್ಲಿ ಗೊರ್ಯೊ ರಾಜರ ರಾಜಧಾನಿಯಾದ ಕೇಸೊಂಗ್ ನಗರಕ್ಕೆ ಬಂದು, ಅಲ್ಲಿ ಕಂಡುದನ್ನೆಲ್ಲ ಚಿತ್ರಸಹಿತವಾದ ಗ್ರಂಥವಾಗಿ ಬರೆದು ತನ್ನ ದೊರೆಗೆ ಒಪ್ಪಿಸಿದನು. ಅದರಲ್ಲಿ ಕೊರಿಯಾದ ಹಸುರು ಪಿಂಗಾಣಿಯ ಬಣ್ಣವನ್ನು ಅವನು ವಿಶೇಷವಾಗಿ ಹೊಗಳಿರುವನು. ಪಿಂಗಾಣಿಯ ತೌರುಮನೆಯಿಂದ ಬಂದವನ ಮೆಚ್ಚುಗೆ ಇದಾದುದರಿಂದ ಇದಕ್ಕೆ ಬೆಲೆ ಹೆಚ್ಚು. ಮುಂದೆ ಕೊರಿಯಾದ ಕುಂಬಾರರು ಚೀನದಿಂದ ಕಲಿತ ವಿದ್ಯೆಗೆ ತಮ್ಮದೇ ಆದ ಒಂದು ಕೌಶಲವನ್ನು ಸೇರಿಸಿದರು. ಹಸಿಯ ಪಾತ್ರೆಯ ಮೈಮೇಲೆ ಚಿತ್ರವನ್ನು ಕೊರೆದು, ಆ ಗೀರುಗಳಲ್ಲಿ ಬಿಳಿಯ ಮಣ್ಣನ್ನೂ ಕೆಂಮಣ್ಣನ್ನೂ ತುಂಬಿ, ಮೇಲೆ ಹಸುರು ಮೆರುಗನ್ನು ಹಚ್ಚಿ ಆವಿಗೆಯಲ್ಲಿ ಸುಟ್ಟರೆ, ಬಿಳಿದು ಬಿಳಿದಾಗಿಯೂ ಕೆಂಪು ಕಪ್ಪಾಗಿಯೂ ಒಡಮೂಡುವುದು. ಬೀದರಿನ ಬಿದರಿ ಪಾತ್ರೆಗಳಲ್ಲಿ ಬೆಳ್ಳಿಯನ್ನು ಕೂಡಿಸುವ ಕ್ರಮವನ್ನು ಕಂಡವರಿಗೆ ಈ ಕೆಲಸದ ಮರ್ಮವು ಸುಲಭವಾಗಿ ತಿಳಿಯುವುದು. ಅಲ್ಲಿ ಲೋಹ, ಇಲ್ಲಿ ಮಣ್ಣು, ಇಷ್ಟೇ ಭೇದ. ಗೊರ್ಯೊ ಕಾಲದ ಶ್ರೀಮಂತರು ಇಂತಹ ಪಾತ್ರೆಗಳನ್ನು ತಮ್ಮ ಸತ್ತವರೊಡನೆ ಗೋರಿಗಳಲ್ಲಿ ಇಡುತ್ತಿದ್ದರು. ಮುಂದಿನ ಅನರ್ಥಕ್ಕೆ ಇದೇ ಬೀಜವಾಯಿತು.

೧೩೯೨ರಲ್ಲಿ ಆರಂಭವಾದ ಜೊಸನ್ ರಾಜವಂಶದ ಆಳಿಕೆಯಲ್ಲಿ ಪರದೇಶೀಯರು ಒಳಗೆ ಬಂದು ಸ್ವೇಚ್ಛೆಯಾಗಿ ಕೊಳ್ಳುವುದಕ್ಕೆ ಅವಕಾಶವಿರಲಿಲ್ಲ. ಸರಕು ಬಹುಮಟ್ಟಿಗೆ ರಾಜದೂತರ ಜೊತೆಯಲ್ಲಿ ಹೊರಗೆ ಹೋಗುತ್ತಿತ್ತು. ಪೀಕಿಂಗ್ ನಗರಕ್ಕೆ ಹೋಗುವ ದೂತರ ಪರಿವಾರದವರು ತಮ್ಮ ವೆಚ್ಚಕ್ಕೆಂದು ಎಂಟು ಗಂಟುಗಳಷ್ಟು ಜಿನ್ಸೆಂಗ್ ಬೇರನ್ನು ಒಯ್ಯಬಹುದೆಂಬ ಕಟ್ಟಳೆಯಿತ್ತು. ಮನುಷ್ಯಾಕಾರದ ಈ ಬೇರು ಆಯುಸ್ಸನ್ನೂ ಬಲವನ್ನೂ ಹೆಚ್ಚಿಸುವುದೆಂದು ಚೀನೀಯರು ನಂಬಿದ್ದುದರಿಂದ ಅದು ಅಲ್ಲಿ ಬೆಳ್ಳಿಯಂತೆಯೇ ಸಲ್ಲುತ್ತಿತ್ತು. ಕಾಡಿನ ಬೇರು ಕ್ಷೀಣಿಸಿದ ಮೇಲೆ ಕೇಸೊಂಗಿನ ವರ್ತಕರು ಅದನ್ನು ತೋಟಗಳಲ್ಲಿ ಬೆಳೆಸಿ, ಹಬೆಯಲ್ಲಿ ಬೇಯಿಸಿ ಒಣಗಿಸಿ, ಕೆಂಪು ಜಿನ್ಸೆಂಗ್ ಎಂದು ಮಾರಿ ಧನಿಕರಾದರು. ಉಪ್ಪುನೇರಳೆಯ ಬಳಗಕ್ಕೆ ಸೇರಿದ ಒಂದು ಗಿಡದ ತೊಗಟೆಯಿಂದ ಮಾಡಿದ ಕೊರಿಯಾದ ಕಾಗದವೂ ಗಟ್ಟಿಯೂ ಬಹುಕಾಲ ಬಾಳುವಂತಹುದೂ ಆಗಿ ಚೀನದ ಲೇಖಕರ ಆದರಕ್ಕೆ ಪಾತ್ರವಾಗಿತ್ತು.

ಜಪಾನೀಯರಿಗೆ ಬೇಕಾದುದು ಮತ್ತೊಂದು. ಅವರ ಚಹಾಗೋಷ್ಠಿಯ ಆಚಾರ್ಯರು ಕೊರಿಯಾದ ಒರಟು ಬಟ್ಟಲುಗಳಲ್ಲಿ ಅಪೂರ್ವವಾದ ಸೌಂದರ್ಯವನ್ನು ಕಂಡರು. ಕ್ಯೋಟೋ ನಗರದ ದೈತೊಕುಜಿ ಮಠಕ್ಕೆ ಸೇರಿದ ಅಂತಹ ಒಂದು ಬಟ್ಟಲು ಇಂದು ಜಪಾನಿನ ರಾಷ್ಟ್ರನಿಧಿಗಳಲ್ಲಿ ಒಂದಾಗಿರುವುದು. ಆದರೆ ಮೆಚ್ಚುಗೆಯು ಸದಾ ಕ್ರಯವಾಗಿಯೇ ನಡೆಯಲಿಲ್ಲ. ೧೫೯೨ರಿಂದ ೧೫೯೮ರ ವರೆಗಿನ ದಂಡಯಾತ್ರೆಯಲ್ಲಿ ಜಪಾನಿನ ಸರದಾರರು ವಸ್ತುಗಳನ್ನಷ್ಟೇ ಅಲ್ಲದೆ ಕುಂಬಾರರನ್ನೇ ಸೆರೆಹಿಡಿದು ಒಯ್ದರು. ಜಪಾನಿನ ಅರಿತ ಎಂಬಲ್ಲಿ ಪಿಂಗಾಣಿಯ ಕೈಗಾರಿಕೆಗೆ ಅಡಿಗಲ್ಲನ್ನಿಟ್ಟವನೆಂದು ಪ್ರಸಿದ್ಧನಾದ ಯಿ ಸಾಮ್‌ಪ್ಯೊಂಗ್ ಇಂತು ಹೋದವರಲ್ಲಿ ಒಬ್ಬನು.

೧೮೭೬ರ ಒಡಂಬಡಿಕೆಯಿಂದ ಕೊರಿಯಾದ ರೇವುಗಳು ತೆರೆದುವು. ಬಳಿಕ ಪಶ್ಚಿಮ ದೇಶಗಳ ಪ್ರವಾಸಿಗಳೂ ರಾಯಭಾರಿಗಳೂ ಪಾದ್ರಿಗಳೂ ಬರಲಾರಂಭಿಸಿದರು. ೧೮೯೪ರಲ್ಲಿ ಮೊದಲು ಬಂದ ಇಸಬೆಲ್ಲಾ ಬರ್ಡ್ ಬಿಷಪ್ ಎಂಬ ಆಂಗ್ಲ ಮಹಿಳೆಯು ಸೋಲ್ ನಗರದಲ್ಲಿ ಕಲಾವಸ್ತುಗಳಿಲ್ಲವೆಂದೂ ಪ್ರಾಚೀನ ವಸ್ತುಗಳು ಬಹು ಅಪೂರ್ವವೆಂದೂ ಬರೆದಳು. ಹಿತ್ತಾಳೆಯ ಪಟ್ಟಿಗಳನ್ನು ಬಡಿದ ಮರದ ಪೆಟ್ಟಿಗೆಗಳು, ಗಾಂಗ್‌ಹ್ವಾ ದ್ವೀಪದ ಹೂಚಾಪೆಗಳು, ಕುದುರೆಯ ಕೂದಲಿನಿಂದಲೂ ಬಿದಿರಿನ ಎಳೆಗಳಿಂದಲೂ ಹೆಣೆದ ಕರಿಯ ಟೋಪಿಗಳು, ಮೆರುಗೆಣ್ಣೆಯ ಮೈಮೇಲೆ ಮುತ್ತಿನ ಚಿಪ್ಪನ್ನು ಕೂಡಿಸಿದ ತೊಂಗ್‌ಯೊಂಗ್ ಪಟ್ಟಣದ ಕರಂಡಕಗಳು—ಇವೆಲ್ಲ ಜನರ ನಿತ್ಯೋಪಯೋಗದಲ್ಲಿದ್ದುವು. ಆದರೆ ಬಳಕೆಯ ವಸ್ತುವನ್ನು ಕಲೆಯೆಂದು ಕಾಣುವ ಕಣ್ಣು ಬಂದವರಲ್ಲಿ ಬಹುಮಂದಿಗೆ ಇರಲಿಲ್ಲ. ಅವರಿಗೆ ಹಳೆಯದೇ ಬೇಕಾಗಿತ್ತು.

ಹಳೆಯದು ಇದ್ದದ್ದು ಗೋರಿಗಳಲ್ಲಿ. ಪಿತೃಭಕ್ತಿಯನ್ನು ಪರಮಧರ್ಮವೆಂದೆಣಿಸಿದ ಕೊರಿಯಾದ ಜನರಿಗೆ ಹಿರಿಯರ ಸಮಾಧಿಯನ್ನು ಅಗೆಯುವುದಕ್ಕಿಂತ ಹೇಯವಾದ ಪಾಪವಿಲ್ಲ. ಆದರೆ ಕೊಳ್ಳುವವರು ಹೆಚ್ಚಿದಂತೆ ಅಗೆಯುವವರೂ ಹೆಚ್ಚಿದರು. ೧೮೮೪ರಲ್ಲಿ ಬಂದ ಅಮೆರಿಕದ ವೈದ್ಯ ಹೊರೇಸ್ ಆಲೆನ್ ಸಂಗ್ರಹಿಸಿದ್ದ ಹಸುರು ಪಿಂಗಾಣಿಗಳನ್ನು ೧೯೦೭ರಲ್ಲಿ ಚಾರ್ಲ್ಸ್ ಫ್ರೀಯರ್ ಕೊಂಡನು. ಅವು ಇಂದು ವಾಷಿಂಗ್ಟನ್ ನಗರದಲ್ಲಿರುವುವು. ೧೯೦೬ರಿಂದ ೧೯೦೯ರ ವರೆಗೆ ಜಪಾನಿನ ಅಧಿಪತಿಯಾಗಿ ಸೋಲ್‌ನಲ್ಲಿದ್ದ ಇಟೊ ಹಿರೊಬುಮಿಯು ಇಂತಹ ಪಾತ್ರೆಗಳನ್ನು ರಾಶಿರಾಶಿಯಾಗಿ ಕೊಂಡು ತನ್ನ ದೇಶದ ದೊಡ್ಡವರಿಗೆ ಉಡುಗೊರೆಯಾಗಿ ಹಂಚಿದನು. ಕೇಸೊಂಗಿನ ಸುತ್ತಣ ಗುಡ್ಡಗಳಲ್ಲಿ ಸಮಾಧಿಗಳು ಬರಿದಾದುವು. ಕೊರಿಯಾದ ಹಿಂದಿನ ದೊರೆ ಗೋಜೊಂಗನು ಇವುಗಳನ್ನು ಕಂಡು ಎಲ್ಲಿಯವೆಂದು ಕೇಳಿದನಂತೆ. ಇವು ತಮ್ಮ ನಾಡಿನ ಗೊರ್ಯೊ ಕಾಲದ ವಸ್ತುಗಳೆಂದು ಇಟೊ ಹೇಳಲು, ಇಂತಹವು ನಮ್ಮ ದೇಶದಲ್ಲಿಲ್ಲವೆಂದು ದೊರೆಯು ನುಡಿದನಂತೆ. ಇಟೊ ಸುಮ್ಮನಾದನೆಂದು ಆ ಕಾಲದ ಒಬ್ಬ ಜಪಾನೀಯನು ತಿಳಿಸಿರುವನು. ದೊರೆಯ ಮಾತು ಅಜ್ಞಾನವೆಂದು ತೋರಬಹುದು. ಆದರೆ ಭೂಮಿಯೊಳಗೆ ಸತ್ತವರಿಗೆ ಸೇರಿದ ವಸ್ತುವು ಬದುಕಿದವರ ಕಣ್ಣಿಗೆ ಬೀಳುವ ಹಾದಿಯು ಒಂದೇ ಆಗಿತ್ತೆಂಬುದನ್ನು ನೆನೆದರೆ, ಇಟೊ ಏಕೆ ಸುಮ್ಮನಾದನೆಂಬುದು ಅರ್ಥವಾಗುವುದು.

ಇದೇ ಜಪಾನೀಯರಲ್ಲಿ ಬೇರೆ ಕಣ್ಣಿನವರೂ ಹುಟ್ಟಿದರು. ೧೯೧೪ರಲ್ಲಿ ಅಸಕವಾ ನೊರಿತಕ ಎಂಬ ಉಪಾಧ್ಯಾಯನು ಸೋಲ್‌ನಿಂದ ಒಂದು ಬಿಳಿಯ ಹೂಜಿಯನ್ನು ಕೊಂಡೊಯ್ದು ಯಾನಗಿ ಮುನೆಯೊಶಿ ಎಂಬ ವಿದ್ವಾಂಸನಿಗೆ ಕೊಟ್ಟನು. ಆ ಒಂದು ಕಾಣಿಕೆಯಿಂದ ಯಾನಗಿಯ ಮನಸ್ಸು ಕೊರಿಯಾದ ಕಡೆಗೆ ತಿರುಗಿತು. ಅವನು ಅಸಕವಾ ಸಹೋದರರೊಡನೆ ಸೇರಿ ೧೯೨೪ರಲ್ಲಿ ಸೋಲ್‌ನ ಅರಮನೆಯ ಆವರಣದಲ್ಲಿಯೇ ಜನಪದ ಕಲೆಗಳ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದನು. ಸಂಗ್ರಹಿಸಿದ ವಸ್ತುಗಳನ್ನು ಅವು ಹುಟ್ಟಿದ ನೆಲದಲ್ಲಿಯೇ ಇರಿಸಿದುದು ಇವರ ವಿಶೇಷ. ಕಿರಿಯ ಸಹೋದರ ತಕುಮಿಯು ಕೊರಿಯಾದ ಊಟದ ಮಣೆಗಳನ್ನು ಕುರಿತು ೧೯೨೯ರಲ್ಲಿ ಗ್ರಂಥವೊಂದನ್ನು ಬರೆದು, ೧೯೩೧ರಲ್ಲಿ ತೀರಿಕೊಂಡು, ಆ ಮಣ್ಣಿನಲ್ಲಿಯೇ ಹೂಳಲ್ಪಟ್ಟನು. ಕೊರಿಯಾದ ಕಲೆಯಲ್ಲಿ ದುಃಖವೊಂದನ್ನೇ ಕಂಡುದು ಆಳುವವರ ದೃಷ್ಟಿಯೆಂದು ಯಾನಗಿಯನ್ನು ಕೊರಿಯಾದ ವಿದ್ವಾಂಸರು ಮುಂದೆ ಆಕ್ಷೇಪಿಸಿರುವರು. ಆ ಆಕ್ಷೇಪವು ನ್ಯಾಯವಾದುದು; ಅವನ ಉಪಕಾರವೂ ನಿಜವಾದುದು.

ಇನ್ನೊಬ್ಬನು ಕೊಂಡುದು ಕೇವಲ ಮೆಚ್ಚುಗೆಯಿಂದಲ್ಲ, ಛಲದಿಂದ. ಇವನು ಸೋಲ್‌ನ ಶ್ರೀಮಂತ ಮನೆತನದ ಜೊನ್ ಹ್ಯೊಂಗ್‌ಪಿಲ್. ಜನನ ೧೯೦೬, ಮರಣ ೧೯೬೨. ದೇಶವು ಪರಾಧೀನವಾಗಿದ್ದಾಗ ಅದರ ವಸ್ತುಗಳಾದರೂ ಪರರ ಪಾಲಾಗಬಾರದೆಂದು ಇವನು ಪಿತ್ರಾರ್ಜಿತವನ್ನು ವೆಚ್ಚಮಾಡಿದನು. ಮೇಘಗಳ ನಡುವೆ ಹಾರುವ ಕ್ರೌಂಚಪಕ್ಷಿಗಳ ಚಿತ್ರವುಳ್ಳ ಹಸುರು ಹೂಜಿಯೊಂದಕ್ಕೆ ೧೯೩೫ರಲ್ಲಿ ಜಪಾನೀ ವ್ಯಾಪಾರಿಯೊಬ್ಬನಿಗೆ ೨೦,೦೦೦ ವೊನ್ ಕೊಟ್ಟನು. ಆ ಹಣದಿಂದ ಸೋಲ್‌ನಲ್ಲಿ ಇಪ್ಪತ್ತು ಹೆಂಚಿನ ಮನೆಗಳನ್ನು ಕೊಳ್ಳಬಹುದಾಗಿತ್ತೆಂದು ಹೇಳುವರು. ಎರಡು ವರ್ಷಗಳ ಬಳಿಕ ಟೋಕಿಯೋ ನಗರದಲ್ಲಿದ್ದ ಆಂಗ್ಲ ವಕೀಲ ಜಾನ್ ಗ್ಯಾಡ್ಸ್‌ಬಿಯ ಸಂಗ್ರಹವನ್ನು ಕೊಂಡು ಸ್ವದೇಶಕ್ಕೆ ತಂದನು. ೧೯೩೮ರಲ್ಲಿ ಇವುಗಳಿಗೆಂದೇ ಒಂದು ಮಂದಿರವನ್ನು ಕಟ್ಟಿಸಿದನು. ಆ ಹೂಜಿಯು ಇಂದು ಕೊರಿಯಾದ ರಾಷ್ಟ್ರನಿಧಿ. ಗೋರಿಯಿಂದ ಕದ್ದ ಮಾಲು ನಾಡಿನ ಮಾನವಾಗಿ ಮನೆಗೆ ಬಂದುದು ಹೀಗೆ. ಜಪಾನಿಗೆ ಹೋಗಿದ್ದ ಹಸುರು ಪಾತ್ರೆಗಳಲ್ಲಿಯೂ ಕೆಲವು ೧೯೬೫ರ ಒಪ್ಪಂದದ ಮೇರೆಗೆ ಹಿಂದಿರುಗಿದುವು.

೧೯೫೦ರಿಂದ ೧೯೫೩ರ ವರೆಗಿನ ಯುದ್ಧದಲ್ಲಿ ದೇಶವು ಹಾಳಾಗಲು, ಕುಶಲಿಗಳ ಪರಂಪರೆಯೂ ಕಡಿದುಹೋಗುವಂತಾಯಿತು. ೧೯೬೨ರಲ್ಲಿ ದಕ್ಷಿಣ ಕೊರಿಯಾದ ಸರಕಾರವು ಶಾಸನವೊಂದನ್ನು ಮಾಡಿ, ವಸ್ತುಗಳನ್ನು ಮಾತ್ರವಲ್ಲದೆ ವಿದ್ಯೆಯನ್ನೂ ರಕ್ಷಿಸತಕ್ಕುದೆಂದು ವಿಧಿಸಿತು. ಅದರಂತೆ ಟೋಪಿ ಹೆಣೆಯುವ ವಿದ್ಯೆಯು ೧೯೬೪ರಲ್ಲಿಯೂ, ಮುತ್ತಿನ ಚಿಪ್ಪಿನ ಕೆಲಸವು ೧೯೬೬ರಲ್ಲಿಯೂ ರಾಷ್ಟ್ರೀಯ ಸಂಪತ್ತೆಂದು ಪರಿಗಣಿತವಾದುವು. ಅವುಗಳನ್ನು ಬಲ್ಲವರಿಗೆ ವೇತನವೂ, ಶಿಷ್ಯರಿಗೆ ಕಲಿಸುವ ಹೊಣೆಯೂ ಉಂಟಾಯಿತು. ಇಚೊನ್ ಎಂಬ ಊರಿನ ಆವಿಗೆಗಳಲ್ಲಿ ಮರೆತುಹೋಗಿದ್ದ ಹಸುರು ಬಣ್ಣವನ್ನು ಪುನಃ ಸಾಧಿಸಿದರು.

ಈಗ ಸೋಲ್‌ಗೆ ಹೋದ ಪ್ರವಾಸಿಯು ಇನ್ಸಾದೊಂಗ್ ಬೀದಿಯಲ್ಲಿ ಕಾಗದ, ಕುಂಚ, ಬಟ್ಟಲು, ಬೀಸಣಿಗೆಗಳನ್ನೂ, ನಾಮ್‌ದೇಮುನ್ ಪೇಟೆಯಲ್ಲಿ ಜಿನ್ಸೆಂಗ್ ಬೇರನ್ನೂ ಕೊಳ್ಳಬಹುದು. ಪ್ರಾಚೀನ ವಸ್ತುಗಳು ಅಧಿಕಾರಿಗಳ ಪರೀಕ್ಷೆಯಾಗದೆ ದೇಶವನ್ನು ಬಿಡುವಂತಿಲ್ಲ. ಗೋರಿಗಳಿಗೆ ಆ ಕಾವಲು ಸಾಕು. ಆದರೆ ಬದುಕಿರುವ ಕುಶಲಿಗೆ ಅದು ಸಾಲದು. ಅದೇ ಬೀದಿಯಲ್ಲಿ ಪರದೇಶದ ಯಂತ್ರಗಳಿಂದ ಬಂದ ಅಗ್ಗದ ಆಟಿಗೆಗಳೂ ಕೊರಿಯಾದ ವೇಷದಲ್ಲಿ ಮಾರಾಟವಾಗುತ್ತಿರುವುವು. ಅವುಗಳ ಪಕ್ಕದಲ್ಲಿ ಕೈಯಿಂದ ಮಾಡಿದ ಬಟ್ಟಲು ದುಬಾರಿಯಾಗಿ ಕಾಣುವುದು ಸಹಜ. ಆ ದುಬಾರಿಯಲ್ಲಿ ಕುಂಬಾರನ ಕೂಲಿಯೂ ಅವನ ಶಿಷ್ಯನ ಊಟವೂ ಸೇರಿರುವುದೆಂದು ಕೊಳ್ಳುವವನು ತಿಳಿದರೆ, ಷು ಜಿಂಗನು ಮೆಚ್ಚಿದ ಆ ಬಣ್ಣವು ಇನ್ನೊಂದು ತಲೆಮಾರಿನ ವರೆಗೆ ಆವಿಗೆಯಿಂದ ಹೊರಬರುತ್ತಿರುವುದು.