ಆಲೂರು–ಸಕಲೇಶಪುರದ ಬೆಟ್ಟಗಳು: ಎಷ್ಟು ಎತ್ತರ, ಎಷ್ಟು ಹಳೆಯವು?

ಈ ಸೀಮೆಯ ದಿಗಂತದಲ್ಲಿ ದೊಡ್ಡದು ಪುಷ್ಪಗಿರಿ, ಅಂದರೆ ಕುಮಾರಪರ್ವತ: 1,712 ಮೀಟರ್. ಹಾಸನ, ಕೊಡಗು, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳ ಗಡಿ ಅದರ ಮಗ್ಗುಲಲ್ಲೇ ಇದೆ. ಮೋಡವಿಲ್ಲದ ದಿನ ಬಿಸಿಲೆಯಿಂದ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಸಕಲೇಶಪುರದಾಚೆ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ನಿಂತಿರುವುದು ಸುಮಾರು 990 ಮೀಟರ್ ಎತ್ತರದಲ್ಲಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ (ಸುಮಾರು 1,925 ಮೀಟರ್) ಇಲ್ಲಿಂದ ಉತ್ತರಕ್ಕೆ, ಚಿಕ್ಕಮಗಳೂರಿನ ಕಡೆಗಿದೆ.

ಎತ್ತರಕ್ಕಿಂತ ಏಣು ಮುಖ್ಯ. ಮಂಕನಹಳ್ಳಿ ಬಳಿಯ ಬಿಸಿಲೆ ಏಣಿನ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಡುವಣಕ್ಕಿಳಿದದ್ದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಮೂಡಣಕ್ಕೆ ಹರಿದದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ.

ಇಲ್ಲಿನ ಯಾವ ಬೆಟ್ಟವೂ ಜ್ವಾಲಾಮುಖಿಯಲ್ಲ. ಇಟಲಿಯ ವೆಸುವಿಯಸ್ (1,281 ಮೀಟರ್) ಪುಷ್ಪಗಿರಿಗಿಂತ ಗಿಡ್ಡ, ವಯಸ್ಸಿನಲ್ಲಂತೂ ಕೂಸು. ನಮ್ಮ ನೆಲದ ತಳಪಾಯ ನೈಸ್ ಶಿಲೆ. ರಸ್ತೆ ಕಡಿದ ಕಡೆ ಬಂಡೆಯನ್ನು ಹತ್ತಿರದಿಂದ ನೋಡಿ: ಬೆಣಚು, ಫೆಲ್ಡ್‌ಸ್ಪಾರ್‌ಗಳ ಬಿಳಿ ಪಟ್ಟೆ, ನಡುವೆ ಕಪ್ಪು ಅಭ್ರಕದ ಗೆರೆ. ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ.

ಹಾಗೆಂದು ಲಾವಾ ಈ ಜಿಲ್ಲೆಗೆ ಹೊಸತಲ್ಲ. ಹೊಳೆನರಸೀಪುರದ ಸುತ್ತ ಕೊಮಾಟಿಯೈಟ್ ಎಂಬ ಪುರಾತನ ಲಾವಾಶಿಲೆ ಸಿಗುತ್ತದೆ. ಅದು ಹರಿದಾಗ ಇಂದಿನ ಹವಾಯಿಯ ಲಾವಾಕ್ಕಿಂತ ಎಷ್ಟೋ ಬಿಸಿಯಾಗಿತ್ತು. ಅಂಥ ಲಾವಾ ಈಗ ಭೂಮಿಯ ಮೇಲೆ ಎಲ್ಲಿಯೂ ಉಕ್ಕುವುದಿಲ್ಲ.