ನಿಟ್ಟೂರಿನ ಬಂಡೆಯೂ ಅಶೋಕನ ಮನಸ್ಸೂ

ಅಶೋಕನ ಹೆಸರೆತ್ತಿದೊಡನೆ ನಮ್ಮ ಕಣ್ಣಮುಂದೆ ಬರುವುದು ಕಳಿಂಗದ ರಣಭೂಮಿ. ಹೆಣಗಳ ನಡುವೆ ನಿಂತ ಅರಸ ಒಂದೇ ಗಳಿಗೆಯಲ್ಲಿ ಕತ್ತಿ ಬಿಸುಟು ಬುದ್ಧನಿಗೆ ಶರಣಾದನೆಂದು ಮಕ್ಕಳಿಗೆ ಹೇಳುತ್ತೇವೆ. ನಾಟಕಗಳಲ್ಲಿ ಆಡಿ ತೋರಿಸುತ್ತೇವೆ. ಕಥೆ ಸೊಗಸಾಗಿದೆ. ಆದರೆ ಆ ಅರಸನೇ ತನ್ನ ವಿಷಯವಾಗಿ ಬರೆಯಿಸಿದ ಮಾತು ನಮ್ಮ ಬಳ್ಳಾರಿ ಸೀಮೆಯಲ್ಲೇ ಇದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳ ಬಂಡೆಗಳ ಮೇಲಿರುವ ಆ ಮಾತನ್ನು ಕೇಳಿದ ಮೇಲೆ ಕಥೆ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ಈ ಎರಡು ಶಾಸನಗಳು ಬೆಳಕಿಗೆ ಬಂದದ್ದು ೧೯೭೦ರ ದಶಕದ ಕೊನೆಯಲ್ಲಿ. ಬಹುಪಾಲು ಶಾಸನಗಳಲ್ಲಿ ಅರಸನು 'ದೇವಾನಾಂಪ್ರಿಯ'ನೆಂಬ ಬಿರುದಿನ ಹಿಂದೆ ಅಡಗಿದ್ದಾನೆ. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಮೊದಲ ಬಾರಿಗೆ 'ಅಶೋಕ'ನೆಂಬ ಹೆಸರು ಕಲ್ಲಿನ ಮೇಲೆ ದೊರೆಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಆಮೇಲೆ ನಮ್ಮ ನಿಟ್ಟೂರು, ಉದೇಗೋಳಗಳಲ್ಲಿಯೂ ಅದು ಕಂಡಿತು. ಆ ಹೆಸರನ್ನು ಉಳಿಸಿಕೊಂಡ ಊರುಗಳು ಇಷ್ಟೇ. ಅವುಗಳಲ್ಲಿ ಎರಡು ನಮ್ಮ ತುಂಗಭದ್ರೆಯ ದಡದ ಸೀಮೆಯಲ್ಲಿವೆ!

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಬದುಕಿದ್ದವನ ಮನಸ್ಸನ್ನು ಕೆಲವು ಸಾಲು ಪ್ರಾಕೃತದಿಂದ ಅರಿಯಬಹುದೆ? ಇಂಥದೇ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಎದುರಿಸಿದ್ದಾರೆ. ಎದುರಿಗೆ ಕುಳಿತವನ ನಾಡಿಬಡಿತವನ್ನು ಎಣಿಸಬಹುದು. ಆದರೆ ಅವನ ಪತ್ರ, ದಿನಚರಿ, ಹರಟೆಗಳನ್ನು ಅಳೆಯುವುದು ಹೇಗೆ? ಇದಕ್ಕೆ ಅವರು ಕಂಡುಕೊಂಡ ದಾರಿಗೆ ವಿಷಯ ವಿಶ್ಲೇಷಣೆ, ಕಂಟೆಂಟ್ ಅನಾಲಿಸಿಸ್, ಎಂದು ಹೆಸರು. ೧೯೫೨ರಲ್ಲಿ ಅಮೆರಿಕದ ಬೆರೆಲ್ಸನ್ ಇದಕ್ಕೊಂದು ಕೈಪಿಡಿಯನ್ನೇ ಬರೆದ. ಜೆನ್ನಿ ಎಂಬ ಹೆಸರು ಕೊಟ್ಟು ಗುರುತು ಮರೆಸಿದ ಒಬ್ಬ ತಾಯಿ ೧೯೨೬ರಿಂದ ೧೯೩೭ರ ವರೆಗೆ ಬರೆದ ೩೦೧ ಪತ್ರಗಳನ್ನು ಗಾರ್ಡನ್ ಆಲ್ಪೋರ್ಟ್ ೧೯೬೫ರಲ್ಲಿ ಪುಸ್ತಕವಾಗಿ ತಂದ. ಆ ಪತ್ರಗಳ ಮಾತುಗಳನ್ನು ವಿಂಗಡಿಸಿ ಎಣಿಸಿದವರೂ ಉಂಟು. ನಮ್ಮ ದೇಶದವರು ಹಿಂದೆ ಬಿದ್ದಿರಲಿಲ್ಲ. ೧೯೩೪ರ ಬಿಹಾರದ ಭೂಕಂಪದ ಬಳಿಕ ಹಬ್ಬಿದ ಗಾಳಿಮಾತುಗಳನ್ನು ಜಮುನಾ ಪ್ರಸಾದರು ಕೂಡಿಹಾಕಿ ವಿವೇಚಿಸಿದರು. ನಡುಕವನ್ನು ಅನುಭವಿಸಿಯೂ ಹಾನಿಗೊಳಗಾಗದ ಜನ ಇನ್ನೂ ದೊಡ್ಡ ವಿಪತ್ತು ಬರಲಿದೆಯೆಂದು ಏಕೆ ನಂಬಿದರು? ಈ ಒಗಟಿನಿಂದಲೇ ಫೆಸ್ಟಿಂಗರ್ ೧೯೫೭ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಸಿದ್ಧಾಂತಕ್ಕೆ ಎಳೆ ಹಿಡಿದ.

ವಿಧಾನ ಹೇಳಲಿಕ್ಕೆ ಸುಲಭ. ಮೊದಲು ಪ್ರಶ್ನೆ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಎಣಿಸುವುದು ಶಬ್ದವನ್ನೋ ವಾಕ್ಯವನ್ನೋ ಭಾವವನ್ನೋ ಎಂಬುದನ್ನು ನಿಶ್ಚಯಿಸಬೇಕು. ಬಳಿಕ ವರ್ಗಗಳನ್ನು ಕಟ್ಟಿ, ಪ್ರತಿ ಮಾತನ್ನೂ ಅದರದರ ಮನೆಯಲ್ಲಿ ಕೂಡಿಸಬೇಕು. ಈ ಕೆಲಸವನ್ನು ಒಬ್ಬನೇ ಮಾಡಿದರೆ ಸಾಲದು; ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ಪರೀಕ್ಷಕರು ನೋಡುವಂತೆ, ಇಬ್ಬರು ಬೇರೆ ಬೇರೆ ಕುಳಿತು ವಿಂಗಡಿಸಿ ಆಮೇಲೆ ತಾಳೆ ನೋಡಬೇಕು. ಆಕಸ್ಮಿಕವಾಗಿಯೂ ಕೆಲವು ಕಡೆ ಒಮ್ಮತ ಬರುವುದುಂಟು. ಅದನ್ನು ಕಳೆದು ಉಳಿದ ಒಮ್ಮತವನ್ನು ಅಳೆಯುವ ಸೂತ್ರವನ್ನು ಜೇಕಬ್ ಕೋಹೆನ್ ೧೯೬೦ರಲ್ಲಿ ಕೊಟ್ಟ.

ಆದರೆ ಬರಿಯ ಎಣಿಕೆ ಮೋಸಮಾಡುತ್ತದೆ. ದೂರ ಹೋಗಬೇಕಾಗಿಲ್ಲ, ಕುರುಗೋಡನ್ನೇ ನೋಡಿ. ದೊಡ್ಡ ಬಸವೇಶ್ವರನಿಗಾಗಿ ಇಂದು ಜನ ಹೋಗುವ ಆ ಊರು ಸಿಂದರ ಒಂದು ಶಾಖೆಯ ರಾಜಧಾನಿ. ೧೨ನೆಯ ಶತಮಾನದ ಶಾಸನಗಳು ಅಲ್ಲಿವೆ. ಆ ಕಾಲದ ಪ್ರಶಸ್ತಿಗಳಲ್ಲಿ ಯಾವ ಅರಸ ಶೂರನಲ್ಲ, ಯಾವನು ದಾನಿಯಲ್ಲ? 'ವೀರ'ಕ್ಕೆ ಇಷ್ಟು, 'ದಾನ'ಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ತಿಳಿಯುವುದು ಕವಿಯ ಗರಡಿಯೇ ಹೊರತು ಅರಸನ ಮನಸ್ಸಲ್ಲ. ಎಲ್ಲರೂ ಹೇಳುವ ಮಾತಿಗೆ ತೂಕ ಕಡಮೆ. ವಾಡಿಕೆಯನ್ನು ಮೀರಿ ಬಂದ ಒಂದು ಮಾತು ನೂರಕ್ಕೆ ಸಮ. ಹೇಳಿದವರು ಯಾರು, ಯಾರಿಗೆ ಹೇಳಿದರು ಎಂಬುದನ್ನು ಬಿಟ್ಟು ಏನು ಹೇಳಿದರೆಂಬುದನ್ನು ಮಾತ್ರ ಎಣಿಸಿದರೆ ಅದು ಶ್ಯಾನುಭೋಗಿಕೆಯಾದೀತು, ವ್ಯಾಖ್ಯಾನವಾಗಲಾರದು.

ಈ ಎಚ್ಚರವಿಟ್ಟುಕೊಂಡು ನಿಟ್ಟೂರಿಗೆ ಬರೋಣ. ಇಲ್ಲಿಯದು ಕಿರುಬಂಡೆಯ ಶಾಸನ. ಇದರ ಪ್ರತಿಗಳು ನಾಡಿನ ಹಲವೆಡೆ ಇವೆ, ಒಂದು ಕಡೆ ಸವೆದದ್ದನ್ನು ಇನ್ನೊಂದರಿಂದ ತುಂಬಿ ಓದುತ್ತಾರೆ. ೧೮೯೨ರಲ್ಲಿ ಬಿ. ಎಲ್. ರೈಸ್ ಚಿತ್ರದುರ್ಗ ಜಿಲ್ಲೆಯಲ್ಲಿ ಕಂಡುಹಿಡಿದ ಬ್ರಹ್ಮಗಿರಿಯ ಪಾಠ ಸ್ಪಷ್ಟವಾಗಿದೆ. ಅದರ ಅಭಿಪ್ರಾಯವಿಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಒಂದು ವರ್ಷ ತನ್ನ ಪ್ರಯತ್ನ ಸಾಲದಾಗಿತ್ತು, ಸಂಘವನ್ನು ಸೇರಿದ ಮೇಲೆ ಒಂದು ವರ್ಷಕ್ಕೂ ಮೀರಿ ಬಲವಾಗಿ ಪ್ರಯತ್ನಿಸಿದ್ದೇನೆ. ಇದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಿಸಿದರೆ ಸಣ್ಣವನಿಗೂ ಸ್ವರ್ಗ ಲಭ್ಯ.

ಇಲ್ಲಿ ಎಣಿಸತಕ್ಕ ಶಬ್ದ 'ಪ್ರಕ್ರಮ'. ಪ್ರಯತ್ನ, ಉತ್ಸಾಹ ಎಂಬರ್ಥದ ಈ ಧಾತು ಇಷ್ಟು ಚಿಕ್ಕ ಶಾಸನದಲ್ಲಿ ಮತ್ತೆ ಮತ್ತೆ ಬರುತ್ತದೆ. ಜೊತೆಗೆ ವರ್ಷಗಳ ಲೆಕ್ಕವಿದೆ. ನಿರ್ವಾಣವಿಲ್ಲ, ನಾಲ್ಕು ಆರ್ಯಸತ್ಯಗಳಿಲ್ಲ. ಕಳಿಂಗದ ಸುದ್ದಿಯಂತೂ ಇಲ್ಲವೇ ಇಲ್ಲ.

ಹಾಗಾದರೆ ಪಶ್ಚಾತ್ತಾಪ ಕಟ್ಟುಕಥೆಯೆ? ಇಲ್ಲ. ಹದಿಮೂರನೆಯ ಬಂಡೆಶಾಸನದಲ್ಲಿ ಅದು ನಿಚ್ಚಳವಾಗಿದೆ: ಪಟ್ಟವಾದ ಎಂಟು ವರ್ಷಕ್ಕೆ ಕಳಿಂಗವನ್ನು ಗೆದ್ದದ್ದು, ಸೆರೆಹೋದವರು ಒಂದೂವರೆ ಲಕ್ಷ, ಸತ್ತವರು ಒಂದು ಲಕ್ಷ, ಆಮೇಲೆ ಧರ್ಮದಲ್ಲಿ ಹುಟ್ಟಿದ ತೀವ್ರವಾದ ಆಸಕ್ತಿ. ಈ ಶಾಸನವೂ ಕಿರುಬಂಡೆಯ ಶಾಸನವೂ ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಒಂದೇ ಎಡೆಯಲ್ಲಿವೆ. ಆದುದರಿಂದ ನಿಟ್ಟೂರಿನ ಮೌನದಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು. ಒಡಿಶಾದ ಧೌಲಿ, ಜೌಗಡಗಳ ಮೌನ ಮಾತ್ರ ಬೇರೆ ಜಾತಿಯದು. ಅದೇ ಕಳಿಂಗದ ನೆಲ. ಅಲ್ಲಿ ಮೊದಲ ಹತ್ತನ್ನೂ ಹದಿನಾಲ್ಕನೆಯದನ್ನೂ ಕೆತ್ತಿಸಿ, ಹದಿಮೂರನೆಯದೂ ಸೇರಿದಂತೆ ನಡುವಿನ ಮೂರನ್ನು ಕೈಬಿಟ್ಟು ಬೇರೆ ಶಾಸನಗಳನ್ನು ಇರಿಸಿದ್ದಾರೆ. ಸೋತ ಜನರ ಮುಂದೆ ಸೋಲಿನ ಲೆಕ್ಕ ಹೇಳಬಾರದೆಂಬ ವಿವೇಕ ಅದು. ಎರಡೂ ಕಡೆ ಎಣಿಕೆ ಸೊನ್ನೆಯೇ. ಅರ್ಥ ಒಂದೇ ಅಲ್ಲ.

ಉಳಿಯುವ ತೊಡಕೊಂದಿದೆ. ಒಂದು ಶಾಸನ 'ತೀವ್ರ' ಎನ್ನುತ್ತದೆ, ಇನ್ನೊಂದು 'ಒಂದು ವರ್ಷ ಸಾಲದಾಯಿತು' ಎನ್ನುತ್ತದೆ. ಯಾವುದು ನಿಜ? ಕೇಳುವವರು ಯಾರೆಂದು ನೋಡಿದರೆ ತೊಡಕು ಸಡಿಲವಾಗುತ್ತದೆ. ಹದಿಮೂರನೆಯದು ಮಕ್ಕಳು ಮರಿಮಕ್ಕಳು ಹೊಸ ದಿಗ್ವಿಜಯವನ್ನು ಬಯಸದಿರಲೆಂದು ಹೇಳಿದ್ದು; ಅಲ್ಲಿ ದುಃಖ ಮುಂದೆ ಬರಬೇಕು. ಕಿರುಬಂಡೆಯ ಮಾತು ಸಣ್ಣವರಿಗಾಗಿ. ನಾನೂ ಮೊದಲು ಹಿಂದೆ ಬಿದ್ದಿದ್ದೆ ಎಂದು ಚಕ್ರವರ್ತಿಯೇ ಹೇಳಿಕೊಂಡರೆ ಒಕ್ಕಲಿಗನಿಗೆ ಧೈರ್ಯ ಬಾರದೆ? ಹಾಗೆಂದು ಆ ವರ್ಷವನ್ನು ಬೋಧನೆಗಾಗಿ ಹೂಡಿದ ಉಪಾಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೆಮ್ಮೆ ಹೇಳಿಕೊಳ್ಳುವುದೇ ವಾಡಿಕೆಯಾಗಿರುವ ಕಡೆ ಕುಂದನ್ನು ಹೇಳಿಕೊಂಡ ಅರಸನ ಮಾತನ್ನು ನಂಬಲು ಕಾರಣವಿದೆ. ರಣಭೂಮಿಯ ಕಣ್ಣೀರಿಗಿಂತ ಈ ಆಲಸ್ಯದ ವರ್ಷವೇ ನನಗೆ ಹೆಚ್ಚು ಮನುಷ್ಯಸಹಜವಾಗಿ ಕಾಣುತ್ತದೆ.

ಶಾಸನದಲ್ಲಿ ೨೫೬ ಎಂಬ ಅಂಕಿಯೂ ಇದೆ. ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಬ್ಯೂಲರ್ ಸಾಧಿಸಿದ. ಅರಸನು ಸಂಚಾರದಲ್ಲಿ ಕಳೆದ ರಾತ್ರಿಗಳೆಂದು ಆಮೇಲಿನವರು ಹೇಳಿದರು. ಅಂಕಿ ಎಲ್ಲರಿಗೂ ಒಂದೇ! ಆ ಬಂಡೆಯ ಮಾತು ಓದುಬಾರದ ನಮ್ಮ ಪೂರ್ವಿಕರನ್ನು ಹೇಗೆ ಮುಟ್ಟಿತೆಂಬುದಕ್ಕೆ ಮಾತ್ರ ಎರ್ರಗುಡಿಯ ಪಾಠ ಉತ್ತರ ಕೊಡುತ್ತದೆ: ರಜ್ಜುಕನೆಂಬ ಅಧಿಕಾರಿ ಭೇರಿಯನ್ನು ಹೊಯಿಸಿ ಜಾನಪದರಿಗೆ ಸಾರತಕ್ಕದ್ದು.